ಕಾರವಾರದ ಫುಟ್ಬಾಲ್ ಕ್ಲಬ್‌ಗೆ ದಾನಿಗಿಂತ ಮೊದಲು ಪಂದ್ಯಗಳ ಪಟ್ಟಿ ಬೇಕು

ಸಂಪಾದಕರಿಗೆ,

ಮಾನ್ಯರೇ,

ಕಾರವಾರಕ್ಕೆ ತನ್ನದೇ ಆದ ಒಂದು ಅರೆವೃತ್ತಿಪರ ಫುಟ್ಬಾಲ್ ಕ್ಲಬ್ ಬೇಕೆಂಬ ಮಾತು ಪ್ರತಿ ವಿಶ್ವಕಪ್ ಬಂದಾಗಲೂ, ಪ್ರತಿ ಹೊನಲು ಬೆಳಕಿನ ಟೂರ್ನಿಯ ಬಹುಮಾನ ವಿತರಣೆಯ ವೇದಿಕೆಯ ಮೇಲೂ ಕೇಳಿಬರುತ್ತದೆ. ಅತಿಥಿಗಳು ಕಾರು ಹತ್ತಿದ ಮೇಲೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ. ಈಚೆಗೆ ಊರಿನ ಕೆಲವು ಯುವಕರು ಅದನ್ನು ಗಂಭೀರವಾಗಿ ಕೈಗೆತ್ತಿಕೊಂಡು, ಕ್ಲಬ್‌ನ ಹೆಸರು, ಜರ್ಸಿಯ ಬಣ್ಣ, ಪ್ರಾಯೋಜಕರ ಹುಡುಕಾಟ ಎಂದು ಓಡಾಡುತ್ತಿರುವುದು ಸಂತೋಷದ ಸಂಗತಿ. ಆದರೆ ದೈಹಿಕ ಶಿಕ್ಷಣ ಶಿಕ್ಷಕನಾಗಿ ಈ ಭಾಗದ ಶಾಲಾ ಮೈದಾನಗಳಲ್ಲೇ ಸೇವಾವಧಿಯನ್ನು ಕಳೆದ ನನಗೆ, ಅವರು ಕೆಲಸವನ್ನು ತುದಿಯಿಂದ ಆರಂಭಿಸಿದ್ದಾರೆ ಎನಿಸುತ್ತದೆ. ಕ್ಲಬ್‌ಗೆ ಮೊದಲು ಬೇಕಾದದ್ದು ದೊಡ್ಡ ದಾನಿಯಲ್ಲ. ವರ್ಷದ ಆರಂಭದಲ್ಲೇ ಗೊತ್ತಾದ ಪಂದ್ಯಗಳ ಪಟ್ಟಿ, ಆ ದಿನಗಳಿಗೆ ಬರಹದಲ್ಲಿ ಮೀಸಲಾದ ಮೈದಾನ ಮತ್ತು ಊರಿನವರ ಸಣ್ಣ ಸಣ್ಣ ಚಂದಾ, ಈ ಮೂರು ಮೊದಲು ಆಗಬೇಕು. ದಾನಿ ಆಮೇಲೆ ಬಂದರೆ ಬರಲಿ, ಬಾರದಿದ್ದರೆ ಕ್ಲಬ್ ಬಿದ್ದುಹೋಗದಂತಿರಲಿ.

ನಮ್ಮ ಹುಡುಗರಿಗೆ ಆಟ ಬರುವುದಿಲ್ಲ ಎನ್ನುವವರು ಮಾಜಾಳಿಯ ಗಡಿ ದಾಟಿ ನೋಡಬೇಕು. ಕಾರವಾರದಿಂದ ಮಡಗಾಂವ್‌ಗೆ ಇರುವುದು ಸುಮಾರು 70 ಕಿಲೋಮೀಟರ್. ಬೆಳಗಿನ ರೈಲಿಗೆ ಶಿರವಾಡ ನಿಲ್ದಾಣದಲ್ಲಿ ಹತ್ತಿ ಗೋವಾದ ಕಾರ್ಖಾನೆ, ಹೋಟೆಲುಗಳಿಗೆ ಕೆಲಸಕ್ಕೆ ಹೋಗುವವರಲ್ಲಿ ಬ್ಯಾಗಿನೊಳಗೆ ಬೂಟು ಇಟ್ಟುಕೊಂಡ ಹುಡುಗರೂ ಇರುತ್ತಾರೆ. ಅಲ್ಲಿನ ಊರುಗಳ ತಂಡಗಳಲ್ಲಿ ಪಂದ್ಯಕ್ಕೆ ಇಷ್ಟು ಎಂದು ಆಡಿ, ರಾತ್ರಿ ಮರಳುತ್ತಾರೆ. ಗೋವಾಕ್ಕೆ ಈ ಆಟವನ್ನು 1883ರಲ್ಲಿ ಐರ್ಲೆಂಡಿನ ಒಬ್ಬ ಪಾದ್ರಿ ತಂದರೆಂದು ಹೇಳುತ್ತಾರೆ. ಗೋವಾ ಫುಟ್ಬಾಲ್ ಸಂಸ್ಥೆ ಹುಟ್ಟಿದ್ದು 1959ರಲ್ಲಿ, ಅಂದರೆ ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ. 1968ರಲ್ಲಿ ಆರಂಭವಾದ ಡೆಂಪೊ ಕ್ಲಬ್ ರಾಷ್ಟ್ರೀಯ ಲೀಗ್ ಮತ್ತು ಮುಂದೆ ಅದರ ಜಾಗಕ್ಕೆ ಬಂದ ಐ-ಲೀಗ್ ಸೇರಿ ಐದು ಬಾರಿ ದೇಶದ ಚಾಂಪಿಯನ್ ಆಯಿತು. ಅದೇ ಕಡಲು, ಅದೇ ಮಳೆ, ಬಹುಪಾಲು ಅದೇ ಕೊಂಕಣಿ. ವ್ಯತ್ಯಾಸವಿರುವುದು ಹುಡುಗರ ಕಾಲಿನಲ್ಲಲ್ಲ, ಅಲ್ಲಿ ಪ್ರತಿ ಊರಿನವನಿಗೂ ಮುಂದಿನ ವಾರ ತನ್ನ ತಂಡಕ್ಕೆ ಯಾರ ಮೇಲೆ ಪಂದ್ಯವಿದೆ ಎಂಬುದು ಗೊತ್ತಿರುತ್ತದೆ ಎಂಬುದರಲ್ಲಿ.

ಅರೆವೃತ್ತಿಪರ ಕ್ಲಬ್ ಎಂದರೆ ಸಂಬಳ ಕಡಿಮೆ ಇರುವ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್ ಎಂಬ ದೊಡ್ಡ ವೃತ್ತಿಪರ ಲೀಗ್) ತಂಡ ಎಂದು ನಮ್ಮಲ್ಲಿ ಹಲವರು ತಿಳಿದಂತಿದೆ. ಹಾಗಲ್ಲ. ಆಟಗಾರನಿಗೆ ಬೇರೊಂದು ಉದ್ಯೋಗವಿದೆ, ಹೊಟ್ಟೆಪಾಡು ಅದರಿಂದ ನಡೆಯುತ್ತದೆ, ಕ್ಲಬ್ ಕೊಡುವುದು ಆಟಕ್ಕಾಗಿ ಅವನು ಕಳೆದುಕೊಳ್ಳುವ ಸಮಯದ ಬೆಲೆ, ಈ ಲೆಕ್ಕದ ಮೇಲೆ ಇಡೀ ವ್ಯವಸ್ಥೆ ನಿಂತಿರುತ್ತದೆ. ಇಂಗ್ಲೆಂಡಿನಲ್ಲಿ ಲೀಗ್‌ನ ಮೇಲಿನ ಹಂತಗಳ ಕೆಳಗೆ ಇಂತಹ ನೂರಾರು ಕ್ಲಬ್‌ಗಳಿವೆ. ಸಾಮಾನ್ಯವಾಗಿ ಮಂಗಳವಾರ ಮತ್ತು ಗುರುವಾರ ಸಂಜೆ ಅಭ್ಯಾಸ, ಶನಿವಾರ ಪಂದ್ಯ. ಉಳಿದ ಹೊತ್ತಿನಲ್ಲಿ ಆಟಗಾರ ಬಡಗಿ, ಶಿಕ್ಷಕ, ಲಾರಿ ಚಾಲಕ. 2015–16ರಲ್ಲಿ ಲೆಸ್ಟರ್ ಸಿಟಿ ತಂಡ ಅಲ್ಲಿನ ಅತಿ ಮೇಲಿನ ಹಂತವಾದ ಪ್ರೀಮಿಯರ್ ಲೀಗ್ ಗೆದ್ದಾಗ ಅದರ ಮುಂಚೂಣಿಯ ಆಟಗಾರನಾಗಿದ್ದ ಜೇಮಿ ವಾರ್ಡಿ, ಅದಕ್ಕೂ ಕೆಲವು ವರ್ಷ ಮೊದಲು ಒಂದು ಕಾರ್ಖಾನೆಯಲ್ಲಿ ಕೈಕಾಲು ಮುರಿದವರಿಗೆ ಕಟ್ಟುವ ಆಧಾರಪಟ್ಟಿಗಳನ್ನು ತಯಾರಿಸುತ್ತಾ, ಸ್ಟಾಕ್ಸ್‌ಬ್ರಿಜ್ ಎಂಬ ಸಣ್ಣ ಊರಿನ ಕ್ಲಬ್‌ನಲ್ಲಿ ವಾರಕ್ಕೆ 30 ಪೌಂಡ್‌ಗೆ ಆಡುತ್ತಿದ್ದರು. ಅವರನ್ನು ದೊಡ್ಡ ಕ್ಲಬ್‌ಗಳ ಕಣ್ಣಿಗೆ ಬೀಳಿಸಿದ್ದು ಯಾವುದೋ ಆಯ್ಕೆ ಶಿಬಿರವಲ್ಲ, ವಾರ ತಪ್ಪದೆ ಆಡಿದ ಲೀಗ್ ಪಂದ್ಯಗಳು.

ಇಲ್ಲಿ ಕಾಗದದ ಒಂದು ವಿಷಯವನ್ನೂ ಹೇಳಬೇಕು. ವಿಶ್ವ ಫುಟ್ಬಾಲ್ ಸಂಸ್ಥೆಯಾದ ಫಿಫಾದ ನಿಯಮಗಳಲ್ಲಿ ಅರೆವೃತ್ತಿಪರ ಎಂಬ ವರ್ಗವೇ ಇಲ್ಲ. ಲಿಖಿತ ಒಪ್ಪಂದವಿದ್ದು, ಆಟಕ್ಕಾಗಿ ಮಾಡಿದ ಖರ್ಚಿಗಿಂತ ಹೆಚ್ಚಿನ ಹಣ ಪಡೆಯುವವನು ವೃತ್ತಿಪರ, ಉಳಿದವರೆಲ್ಲ ಹವ್ಯಾಸಿಗಳು. ಆದ್ದರಿಂದ ಕ್ಲಬ್‌ನವರು ಹುಡುಗನಿಗೆ ಬಾಯಿಮಾತಿನಲ್ಲಿ ಹಣ ಕೊಡುವುದೋ, ಒಪ್ಪಂದ ಬರೆದು ಕೊಡುವುದೋ ಎಂಬುದನ್ನು ಮೊದಲ ದಿನವೇ ತೀರ್ಮಾನಿಸಬೇಕು. ಬಾಯಿಮಾತಿನ ಪದ್ಧತಿ ಎಲ್ಲರಿಗೂ ಸಲೀಸು, ಹುಡುಗ ಗಾಯಗೊಳ್ಳುವವರೆಗೆ ಮಾತ್ರ.

ಗಾಯದ ಮಾತನ್ನು ನಾನು ಸುಮ್ಮನೆ ಎತ್ತಿಲ್ಲ. ನನಗೆ ಗೊತ್ತಿರುವ ಒಬ್ಬ ಗೋಲ್‌ಕೀಪರ್ ಬೈತಖೋಲ ಬಂದರಿನಲ್ಲಿ ಬೋಟಿನ ಕೆಲಸಕ್ಕೆ ಹೋಗುತ್ತಾನೆ. ಬೋಟು ನಸುಕಿನಲ್ಲಿ ದಡ ಸೇರಿದರೆ ಮೀನು ಇಳಿಸಿ, ಬುಟ್ಟಿಗಳಿಗೆ ಐಸು ತುಂಬಿಸಿ, ಬಲೆ ತೊಳೆದು, ಮಧ್ಯಾಹ್ನ ಎರಡು ತಾಸು ಮಲಗಿ, ನಾಲ್ಕು ಗಂಟೆಗೆ ಗೋಲ್‌ಪೋಸ್ಟಿನ ಕೆಳಗೆ ನಿಲ್ಲುತ್ತಾನೆ. ಆ ಗೋಲಿನ ಹಿಂದೆ ಕಟ್ಟಿರುವುದೂ ಹರಿದ ಟ್ರಾಲ್ ಬಲೆಯನ್ನು ಅವನೇ ಹೆಣೆದು ಸರಿಮಾಡಿದ್ದು. ಹಗ್ಗ ಎಳೆದು ಎಳೆದು ಅವನ ಅಂಗೈಯ ಚರ್ಮ ಎಷ್ಟು ದಪ್ಪವಾಗಿದೆಯೆಂದರೆ ಕೈಗವಸು ಹಾಕಿದರೆ ಚೆಂಡಿನ ಹದ ತಿಳಿಯುವುದಿಲ್ಲ ಎನ್ನುತ್ತಾನೆ. ಒಮ್ಮೆ ಎದುರಾಳಿಯೊಂದಿಗೆ ಡಿಕ್ಕಿಯಾಗಿ ಅವನ ಹೆಗಲು ಜಾರಿತು. ಪಂದ್ಯಾವಳಿ ನಡೆಸಿದವರು ಆಸ್ಪತ್ರೆಯವರೆಗೆ ಜೊತೆಗೆ ಬಂದರು, ಅಲ್ಲಿಗೆ ಮುಗಿಯಿತು. ಬೋಟಿನಲ್ಲಿ ದುಡಿಯುವವನಿಗೆ ಹೆಗಲು ಹೋದರೆ ಪಾಲೂ ಹೋಗುತ್ತದೆ. ಆ ಹಂಗಾಮಿನ ಉಳಿದ ದಿನಗಳನ್ನು ಅವನ ಮನೆಯವರು ಹೇಗೆ ತೂಗಿಸಿದರೋ ಯಾವ ಟ್ರೋಫಿಯ ಫೋಟೋದಲ್ಲೂ ಕಾಣುವುದಿಲ್ಲ. ಆಟಗಾರರಿಗೆ ಅಪಘಾತ ವಿಮೆ ಮಾಡಿಸದ ಕ್ಲಬ್ ಜರ್ಸಿ ಹೊಲಿಸುವ ಅವಸರ ಮಾಡಬಾರದೆಂದು ನಾನು ಹೇಳುವುದು ಇದಕ್ಕೇ.

ಇನ್ನು ಟೂರ್ನಿಗಳ ವಿಷಯ. ನಮ್ಮ ಕರಾವಳಿಯಲ್ಲಿ ಫುಟ್ಬಾಲ್ ಎಂದರೆ ಸೋತವರು ಹೊರಬೀಳುವ ನಾಕೌಟ್ ಟೂರ್ನಿ. ಎರಡು ದಿನ, ಹದಿನಾರು ತಂಡ, ಧ್ವನಿವರ್ಧಕ, ಮೊದಲ ಬಹುಮಾನ ಇಷ್ಟು ಸಾವಿರ, ಎರಡನೆಯದಕ್ಕೆ ಅದರ ಅರ್ಧ. ಇದರಲ್ಲಿ ಎಂಟು ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ, ಅದೂ ಸಮಯ ಸಾಲದೆಂದು ಮೊಟಕುಗೊಳಿಸಿದ ಪಂದ್ಯ. ಗೆಲ್ಲಲೇಬೇಕೆಂಬ ತಂಡದವರು ಗೋವಾದಿಂದಲೋ ಬೆಳಗಾವಿಯಿಂದಲೋ ಆ ಎರಡು ದಿನಕ್ಕಾಗಿ ಆಟಗಾರರನ್ನು ಕರೆತರುತ್ತಾರೆ. ಬಹುಮಾನದ ಹಣ ಅವರಿಗೆ ಹಂಚುವುದರಲ್ಲಿ ಮುಗಿಯುತ್ತದೆ, ಊರಿನ ಹುಡುಗ ಬದಲಿ ಆಟಗಾರರ ಬೆಂಚಿನ ಮೇಲೆ ನೀರಿನ ಬಾಟಲಿ ಕಾಯುತ್ತಾನೆ. ನಾನು ಟೂರ್ನಿಗಳ ವಿರೋಧಿಯಲ್ಲ. ಜಾತ್ರೆಯಂತಹ ಆ ಗದ್ದಲದಲ್ಲಿ ಒಂದು ಸಂತೋಷವಿದೆ, ಜನ ಸೇರುತ್ತಾರೆ, ಭಜಿಯ ಅಂಗಡಿಗೂ ವ್ಯಾಪಾರವಾಗುತ್ತದೆ. ಆದರೆ ಟೂರ್ನಿಯಿಂದ ತಂಡ ಬೆಳೆಯುವುದಿಲ್ಲ. ಸೋತ ತಂಡಕ್ಕೆ ಮುಂದಿನ ವಾರ ಮತ್ತೊಂದು ಪಂದ್ಯವಿದ್ದಾಗ ಮಾತ್ರ ಕೋಚ್ ಎಂಬುವನಿಗೆ ಮಾಡಲು ಕೆಲಸವಿರುತ್ತದೆ. ಎಲ್ಲ ತಂಡಗಳೂ ಹಂಗಾಮಿನುದ್ದಕ್ಕೂ ಒಂದರ ಮೇಲೊಂದು ಆಡುವ ಲೀಗ್‌ನಿಂದ ಅದು ಸಾಧ್ಯ.

ಮಿಜೋರಾಂ ಇದನ್ನು ನಮ್ಮ ಕಣ್ಣೆದುರಿಗೇ ಮಾಡಿ ತೋರಿಸಿದೆ. 2011ರ ಜನಗಣತಿಯ ಪ್ರಕಾರ ಆ ಇಡೀ ರಾಜ್ಯದ ಜನಸಂಖ್ಯೆ ಸುಮಾರು 10.97 ಲಕ್ಷ, ನಮ್ಮ ಉತ್ತರ ಕನ್ನಡ ಜಿಲ್ಲೆಯದು 14.37 ಲಕ್ಷ. ಅಲ್ಲಿಯೂ ಗುಡ್ಡಗಾಡು, ಅಲ್ಲಿಯೂ ಮಳೆ, ದೊಡ್ಡ ಕಾರ್ಖಾನೆಗಳೂ ಇಲ್ಲ. 2012ರಲ್ಲಿ ಅವರು ಮಿಜೋರಾಂ ಪ್ರೀಮಿಯರ್ ಲೀಗ್ ಆರಂಭಿಸಿದರು, ಸ್ಥಳೀಯ ಕೇಬಲ್ ಟಿವಿಯವರು ಅದನ್ನು ಮನೆಮನೆಗೆ ತಲುಪಿಸಿದರು. 2014ರಲ್ಲಿ ರಾಜ್ಯ ತಂಡ ಮೊದಲ ಬಾರಿಗೆ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. 2016–17ರಲ್ಲಿ ಐಜ್ವಾಲ್ ಎಫ್‌ಸಿ ದೇಶದ ಐ-ಲೀಗ್ ಚಾಂಪಿಯನ್ ಆಯಿತು, ಅದೂ ಹಿಂದಿನ ಹಂಗಾಮಿನಲ್ಲಿ ಕೆಳಗಿನ ಸ್ಥಾನದಲ್ಲಿ ಉಳಿದು ಲೀಗಿನಿಂದಲೇ ಹೊರಬೀಳುವ ಸ್ಥಿತಿಯಲ್ಲಿದ್ದ ತಂಡ. ಕ್ರಮವನ್ನು ಗಮನಿಸಬೇಕು. ಮೊದಲು ಲೀಗ್, ಅದರ ಹಿಂದೆ ಆಟಗಾರರು, ಆಮೇಲೆ ಟ್ರೋಫಿ.

ನಮ್ಮಲ್ಲಿ ಇದನ್ನು ಹೇಗೆ ಮಾಡಬಹುದು? ಜಿಲ್ಲೆಯಲ್ಲಿ ಹನ್ನೆರಡು ತಾಲ್ಲೂಕುಗಳಿವೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳಿಂದ ಒಂದೊಂದು ತಂಡ, ಘಟ್ಟದ ಮೇಲಿನಿಂದ ಶಿರಸಿ, ದಾಂಡೇಲಿ ಮತ್ತು ಟಿಬೆಟನ್ ಕಾಲೋನಿಯಲ್ಲಿ ಫುಟ್ಬಾಲ್ ಬಲು ಪ್ರಿಯವಾಗಿರುವ ಮುಂಡಗೋಡದಿಂದ ಒಂದೊಂದು, ಹೀಗೆ ಎಂಟು ತಂಡಗಳಾದರೆ ತವರಿನಲ್ಲೊಮ್ಮೆ, ಹೊರಗೊಮ್ಮೆ ಎಂಬ ಪದ್ಧತಿಯಲ್ಲಿ 56 ಪಂದ್ಯಗಳಾಗುತ್ತವೆ, ಪ್ರತಿ ತಂಡಕ್ಕೆ 14. ಕೈಗಾ ಟೌನ್‌ಶಿಪ್‌ನ, ಅರ್ಗಾದ ನೌಕಾನೆಲೆಯ ಯುವಕರು ಬೇಕಾದರೆ ಕಾರವಾರದ ಎರಡನೆಯ ತಂಡವೇ ಆಗುತ್ತಾರೆ. ಹಂಗಾಮು ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಇರಲಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬೋಟಿನ ಹುಡುಗರಿಗೆಲ್ಲ ಬಿಡುವಿರುವುದರಿಂದ ಆಗಲೇ ಲೀಗ್ ನಡೆಸೋಣ ಎನ್ನುವವರಿದ್ದಾರೆ. ಆದರೆ 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋದದ್ದನ್ನು ಕಂಡವರು ಆ ತಿಂಗಳಲ್ಲಿ ಹುಡುಗರನ್ನು ಬಸ್ಸಿನಲ್ಲಿ ತುಂಬಿ ಭಟ್ಕಳಕ್ಕೆ ಕಳಿಸುವ ಧೈರ್ಯ ಮಾಡಲಾರರು. ಆ ಎರಡು ತಿಂಗಳು ಊರಲ್ಲೇ ಅಭ್ಯಾಸಕ್ಕೆ, ಮೈಕಟ್ಟು ಬೆಳೆಸುವುದಕ್ಕೆ, ಮಕ್ಕಳ ಆಯ್ಕೆಗೆ ಸರಿಯಾದ ಕಾಲ. ಕಾರವಾರದ ತವರು ಪಂದ್ಯಗಳಿಗೆ ಭಾನುವಾರ ಸಂಜೆ ನಾಲ್ಕರ ಹೊತ್ತು ಹೇಳಿಮಾಡಿಸಿದಂತಿದೆ. ಸಂತೆಗೆ ಬಂದ ಹಳ್ಳಿಯವರು ಚೀಲ ಪಕ್ಕಕ್ಕಿಟ್ಟು ಒಂದು ಹಾಫ್ ನೋಡಿಕೊಂಡು ಹೋಗಲಿ.

ಇನ್ನು ಹಣದ ಮಾತು. ಒಬ್ಬ ದೊಡ್ಡ ಉದ್ಯಮಿ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮ ಯುವಕರಲ್ಲಿ ಗಟ್ಟಿಯಾಗಿದೆ. ಭಾರತದ ಫುಟ್ಬಾಲ್ ಇತಿಹಾಸ ಆ ನಂಬಿಕೆಯನ್ನು ಬೆಂಬಲಿಸುವುದಿಲ್ಲ. ಪಂಜಾಬಿನ ಫಗ್ವಾಡದ ಜೆಸಿಟಿ 1996–97ರ ಮೊತ್ತಮೊದಲ ರಾಷ್ಟ್ರೀಯ ಲೀಗ್ ಗೆದ್ದ, ಅದೇ ಹೆಸರಿನ ಕಂಪನಿಯೊಂದರ ತಂಡ. 2011ರಲ್ಲಿ ಕಂಪನಿ ಅದನ್ನು ಮುಚ್ಚಿತು. 2005–06ರಲ್ಲಿ ಅದೇ ಲೀಗ್ ಗೆದ್ದಿದ್ದ ಮುಂಬಯಿಯ ಮಹೀಂದ್ರ ಯುನೈಟೆಡ್ ಕೂಡ ಆ ಹೊತ್ತಿನಲ್ಲೇ ಇಲ್ಲವಾಯಿತು. ನೆರೆಯ ಗೋವಾದಲ್ಲಿ 2016ರಲ್ಲಿ ಲೀಗಿನ ಹೊಸ ವ್ಯವಸ್ಥೆ ಒಪ್ಪಿಗೆಯಾಗದೆ ಸಾಲಗಾಂವ್ಕರ್, ಡೆಂಪೊ, ಸ್ಪೋರ್ಟಿಂಗ್ ಕ್ಲಬ್‌ಗಳು ಐ-ಲೀಗಿನಿಂದ ಹೊರಬಂದವು. ಮಾಲೀಕರ ಕಾರಣಗಳು ಅವರವರಿಗೆ ಸರಿಯೇ ಇರಬಹುದು, ನಾನು ಅದನ್ನು ಪ್ರಶ್ನಿಸುತ್ತಿಲ್ಲ. ಪ್ರೇಕ್ಷಕನನ್ನು ಮಾತ್ರ ಯಾರೂ ಕೇಳಲಿಲ್ಲ. ಇಂಗ್ಲೆಂಡಿನಲ್ಲೂ ಹೀಗೆಯೇ ಆದದ್ದುಂಟು. 1885ರಲ್ಲಿ ಸ್ಥಾಪನೆಯಾಗಿ, ಎರಡು ಬಾರಿ ಎಫ್‌ಎ ಕಪ್ ಗೆದ್ದಿದ್ದ ಬರಿ ಎಂಬ ಪಟ್ಟಣದ ಕ್ಲಬ್ ಹಣಕಾಸಿನ ಗೊಂದಲದಿಂದ 2019ರಲ್ಲಿ ಲೀಗಿನಿಂದಲೇ ಹೊರಹಾಕಲ್ಪಟ್ಟಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅಲ್ಲಿಂದಲೇ ಬಂದಿದೆ. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಅದರ ಮಾಲೀಕರು ದೂರದ ಇನ್ನೊಂದು ಊರಿಗೆ ಸಾಗಿಸಲು 2002ರಲ್ಲಿ ಅನುಮತಿ ಪಡೆದಾಗ, ಊರಿನ ಅಭಿಮಾನಿಗಳೇ ಸೇರಿ ಹೊಸ ಕ್ಲಬ್ ಕಟ್ಟಿದರು. ಬಯಲಿನಲ್ಲಿ ಬಹಿರಂಗ ಆಯ್ಕೆ ನಡೆಸಿ, ಬಂದ ಹುಡುಗರಲ್ಲಿ ತಂಡ ಆರಿಸಿ, ಅರೆವೃತ್ತಿಪರ ಲೀಗ್‌ಗಳ ಕೆಳಗಿನ ಮೆಟ್ಟಿಲಿನಲ್ಲಿ ಆಡತೊಡಗಿದರು. ಒಂಬತ್ತು ವರ್ಷಗಳಲ್ಲಿ ಐದು ಬಾರಿ ಬಡ್ತಿ ಪಡೆದು 2011ರಲ್ಲಿ ವೃತ್ತಿಪರ ಫುಟ್ಬಾಲ್ ಲೀಗ್ ಸೇರಿದರು. ಕ್ಲಬ್‌ನ ನಿಯಂತ್ರಣ ಇಂದಿಗೂ ಅಭಿಮಾನಿಗಳ ಟ್ರಸ್ಟ್‌ನದ್ದು, ಸದಸ್ಯನೊಬ್ಬನಿಗೆ ಒಂದೇ ಮತ. ಇದು ಪರದೇಶದ ಸಂಗತಿ, ನಮಗೆ ಒಗ್ಗುವುದಿಲ್ಲ ಎಂದು ಕಾರವಾರದವರು ಹೇಳುವಂತಿಲ್ಲ. ನಮ್ಮ ದಡದಲ್ಲಿ ರಂಪಣಿ ಬಲೆ ನಡೆದದ್ದು ಹೀಗೆಯೇ. ಇಡೀ ಕೇರಿಯವರು ಸೇರಿ ಎಳೆಯುತ್ತಿದ್ದರು, ಸಿಕ್ಕ ಮೀನಿನಲ್ಲಿ ಬಲೆಗೆ ಒಂದು ಪಾಲು, ದೋಣಿಗೆ ಒಂದು ಪಾಲು, ಎಳೆದವರಿಗೆಲ್ಲ ಅವರವರ ಪಾಲು. ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟುಗಳು ಬಂದ ಮೇಲೆ ರಂಪಣಿ ಸೊರಗಿತು ಎಂಬುದು ಬೇರೆ ಮಾತು. ಹತ್ತಾರು ಮನೆಗಳು ಕೂಡಿ ಒಂದು ಬಲೆಯ ಒಡೆತನ ನಡೆಸುವ ಲೆಕ್ಕಾಚಾರ ನಮ್ಮ ಹಿರಿಯರಿಗೆ ತಿಳಿಯದ್ದೇನಲ್ಲ.

ಬರೀ ಉಪದೇಶವಾಗದಿರಲೆಂದು ನನ್ನದೇ ಒಂದು ಅಂದಾಜನ್ನು ಇಲ್ಲಿ ಕೊಡುತ್ತೇನೆ, ತಿಳಿದವರು ತಿದ್ದಲಿ. ಹದಿನೆಂಟು ಆಟಗಾರರಿಗೆ ಪಂದ್ಯಕ್ಕೆ 600 ರೂಪಾಯಿಯಂತೆ 14 ಪಂದ್ಯಗಳಿಗೆ ಸುಮಾರು ಒಂದೂವರೆ ಲಕ್ಷವಾಗುತ್ತದೆ. ವಾರಕ್ಕೆರಡು ದಿನ ಅಭ್ಯಾಸಕ್ಕೆ ಬರುವವರಿಗೆ ದಿನಕ್ಕೆ 100 ರೂಪಾಯಿ ಪೆಟ್ರೋಲು ಖರ್ಚು ಕೊಟ್ಟರೆ ಆರು ತಿಂಗಳಿಗೆ 90 ಸಾವಿರದ ಮೇಲೆ. ಕೋಚ್‌ಗೆ ತಿಂಗಳಿಗೆ 15 ಸಾವಿರದಂತೆ ಎಂಟು ತಿಂಗಳು ಎಂದರೆ 1.20 ಲಕ್ಷ. ಹೊರ ಊರಿನ ಏಳು ಪಂದ್ಯಗಳ ಬಸ್ಸು, ತವರಿನ ಪಂದ್ಯಗಳಿಗೆ ರೆಫರಿ ಮತ್ತು ಲೈನ್ಸ್‌ಮನ್‌ಗಳ ಭತ್ಯೆ, ಚೆಂಡು, ಜರ್ಸಿ, ವಿಮೆ ಎಲ್ಲ ಸೇರಿಸಿದರೆ ಒಟ್ಟು ಆರು ಲಕ್ಷದ ಆಸುಪಾಸಿನಲ್ಲಿ ನಿಲ್ಲುತ್ತದೆ. ಈಗ ಎದುರಿನ ಪುಟ. ವರ್ಷಕ್ಕೆ 500 ರೂಪಾಯಿ ಚಂದಾ ಕೊಡುವ 800 ಸದಸ್ಯರು ಸಿಕ್ಕರೆ ನಾಲ್ಕು ಲಕ್ಷ. ತವರಿನ ಏಳು ಪಂದ್ಯಗಳಿಗೆ 30 ರೂಪಾಯಿ ಟಿಕೆಟ್ಟಿನಲ್ಲಿ ತಲಾ 400 ಜನ ಬಂದರೆ 84 ಸಾವಿರ. ಮೈದಾನದ ಸುತ್ತ 20 ಅಂಗಡಿಗಳ ಫಲಕಕ್ಕೆ ಐದೈದು ಸಾವಿರದಂತೆ ಒಂದು ಲಕ್ಷ. ಹೆಚ್ಚುಕಡಿಮೆ ಸರಿಹೊಂದುತ್ತದೆ. ಒಂದೇ ಟೂರ್ನಿಯ ಬಹುಮಾನ, ಶಾಮಿಯಾನ, ದೀಪ, ಧ್ವನಿವರ್ಧಕಗಳಿಗೆ ನಮ್ಮಲ್ಲಿ ಎಷ್ಟು ಹಣ ಸಂಗ್ರಹವಾಗುತ್ತದೆ ಎಂಬುದನ್ನು ಬಲ್ಲವರಿಗೆ ಈ ಮೊತ್ತ ಅಸಾಧ್ಯವೆಂದು ತೋರದು. ಕಂಪನಿಗಳ ನೆರವು ಬೇಡವೆಂದಲ್ಲ. 2013ರ ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆ ನಿಧಿಯಡಿ ಗ್ರಾಮೀಣ ಹಾಗೂ ಮಾನ್ಯತೆ ಪಡೆದ ಕ್ರೀಡೆಗಳ ತರಬೇತಿಗೆ ಹಣ ನೀಡಲು ಅವಕಾಶವಿದೆ. ಆದರೆ ಆ ಹಣದಿಂದ ಮಕ್ಕಳ ತರಬೇತಿ, ಚೆಂಡು, ಗೋಲ್‌ಪೋಸ್ಟು, ಶೌಚಾಲಯದಂತಹ ಒಮ್ಮೆ ಆದರೆ ಉಳಿಯುವ ಕೆಲಸಗಳಾಗಲಿ. ಆಟಗಾರನ ಭತ್ಯೆ ಚಂದಾದಿಂದಲೇ ಹೋಗಬೇಕು. ಕ್ಲಬ್ಬನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ, ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದಿ, ಚಂದಾ ಕೊಟ್ಟವನು ಎದ್ದು ನಿಂತು ಪ್ರಶ್ನೆ ಕೇಳುವಂತಾದರೆ ಎರಡನೆಯ ವರ್ಷ ಚಂದಾ ಎತ್ತುವುದು ಸುಲಭವಾಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಮೈದಾನ. ಯಾವ ಮೈದಾನ, ಯಾವ ಕಚೇರಿ ಎಂದು ಹೆಸರಿಸಿ ಜಗಳ ತೆಗೆಯುವ ಉದ್ದೇಶ ನನಗಿಲ್ಲ, ಓದುಗರು ತಮ್ಮ ತಮ್ಮ ಊರಿನದನ್ನು ನೆನೆದುಕೊಂಡರೆ ಸಾಕು. ವಸ್ತುಪ್ರದರ್ಶನ ಬಂತೆಂದರೆ ಮೈದಾನದ ಮೇಲೆ ಲಾರಿಗಳು ಓಡಾಡುತ್ತವೆ. ನಮ್ಮ ಕರಾವಳಿಯ ಮರಳು ಬೆರೆತ ನೆಲ ಸಹಜವಾಗಿ ನೀರು ಹೀರಿಕೊಳ್ಳುವಂಥದ್ದು, ಲಾರಿಯ ಚಕ್ರದಡಿ ಅದು ಗಟ್ಟಿಯಾಗಿ ಮುಂದಿನ ಮಳೆಗೆ ಅಲ್ಲೇ ಹೊಂಡವಾಗುತ್ತದೆ. ಮಂಟಪ ಕಿತ್ತ ಮೇಲೆ ಗೂಟದ ಗುಂಡಿಗಳು ಹಾಗೇ ಉಳಿಯುತ್ತವೆ. ಒಂದು ಮೊಣಕಾಲಿನಷ್ಟು ಆಳ, ಮೇಲೆ ಹುಲ್ಲು ಬೆಳೆದರೆ ಕಣ್ಣಿಗೂ ಕಾಣುವುದಿಲ್ಲ. ಪಂದ್ಯದ ಹಿಂದಿನ ದಿನ ಹುಡುಗರು ಸಾಲಾಗಿ ನಿಂತು ಮೈದಾನವನ್ನು ಇಂಚಿಂಚಾಗಿ ನಡೆದು, ಮೊಳೆ, ತಂತಿಯ ಚೂರು, ಬಾಟಲಿಯ ಗಾಜು ಹೆಕ್ಕಿ, ಗುಂಡಿಗಳಿಗೆ ಬುಟ್ಟಿಯಲ್ಲಿ ಮರಳು ತಂದು ತುಂಬುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಸುಣ್ಣದ ಗೆರೆ ಎಳೆದು ಮುಗಿಸುವಷ್ಟರಲ್ಲಿ, ನಾಳೆ ಇಲ್ಲಿ ಸಭೆ ಇದೆ, ಪಂದ್ಯ ಮುಂದೂಡಿ ಎಂಬ ಸಂದೇಶ ಬಂದದ್ದೂ ಉಂಟು. ಹೊರ ಊರಿನ ತಂಡ ಅಷ್ಟರಲ್ಲಿ ಬಸ್ಸು ಹತ್ತಿರುತ್ತದೆ.

ಸಾರ್ವಜನಿಕ ಮೈದಾನ ಎಲ್ಲರದ್ದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಕ್ಲಬ್ ಅದನ್ನು ತನಗೇ ಬರೆದುಕೊಡಿ ಎಂದು ಕೇಳುವುದೂ ಸರಿಯಲ್ಲ. ಕೇಳಬೇಕಾದದ್ದು ಇಷ್ಟೇ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ತವರು ಪಂದ್ಯಗಳ ಏಳು ಭಾನುವಾರಗಳನ್ನೂ, ವಾರಕ್ಕೆರಡು ಸಂಜೆಗಳನ್ನೂ ಲಿಖಿತವಾಗಿ ಮೀಸಲಿಡಬೇಕು. ಬೇರೆ ಕಾರ್ಯಕ್ರಮಕ್ಕೆ ಮೈದಾನ ಕೊಟ್ಟರೆ ಠೇವಣಿ ಪಡೆದು, ಗುಂಡಿ ಮುಚ್ಚಿ ನೆಲ ಸರಿಮಾಡಿದ ಮೇಲಷ್ಟೇ ಅದನ್ನು ಹಿಂದಿರುಗಿಸಬೇಕು. ಡಿಸೆಂಬರ್ ಆಸುಪಾಸಿನಲ್ಲಿ ಉತ್ಸವ, ಸಮಾರಂಭಗಳ ಭರಾಟೆ ಹೆಚ್ಚಿರುವುದರಿಂದ ಆ ಎರಡು ಮೂರು ವಾರ ಕಾರವಾರದ ತಂಡ ಹೊರ ಊರಿನಲ್ಲೇ ಆಡುವಂತೆ ಪಟ್ಟಿ ಮಾಡಬಹುದು. ಪಟ್ಟಿ ಮೊದಲೇ ಆಗಬೇಕೆಂದು ನಾನು ಪಟ್ಟು ಹಿಡಿಯುವುದು ಈ ಕಾರಣಕ್ಕೆ. ದಿನಾಂಕ ಕೈಯಲ್ಲಿಲ್ಲದೆ ಅಧಿಕಾರಿಗಳ ಬಳಿ ಹೋದರೆ ಭರವಸೆ ಸಿಗುತ್ತದೆ, ಮೈದಾನ ಸಿಗುವುದಿಲ್ಲ. ಕಡಲತೀರ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಟ್ಯಾಗೋರ್ ಕಡಲತೀರದ ಮರಳು ಐವರ ಬೀಚ್ ಸಾಕರ್‌ಗೆ ಸೊಗಸಾದ ಜಾಗ, 2023ರಲ್ಲಿ ಸೂರತ್‌ನಲ್ಲಿ ಮೊದಲ ರಾಷ್ಟ್ರೀಯ ಬೀಚ್ ಸಾಕರ್ ಚಾಂಪಿಯನ್‌ಷಿಪ್ ನಡೆದು ಕೇರಳ ಗೆದ್ದದ್ದನ್ನು ನೋಡಿ ನಮ್ಮವರೂ ಅದಕ್ಕೊಂದು ತಂಡ ಕಟ್ಟಬಹುದು. ಹನ್ನೊಂದು ಜನರ ಆಟವನ್ನು ಮಾತ್ರ ಮರಳಿನ ಮೇಲೆ ಕಲಿಯಲಾಗುವುದಿಲ್ಲ, ಚೆಂಡು ಉರುಳುವುದೇ ಇಲ್ಲ.

ಕ್ಲಬ್ ಚೆನ್ನಾಗಿ ಆಡಿದರೆ ಮುಂದೇನು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ರಾಜ್ಯ ಮಟ್ಟದ ಆಡಳಿತಗಾರರು. ಕರ್ನಾಟಕ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಹಿಂದಿನ ಗೆಲುವು 1968–69ರದ್ದು, ಮೈಸೂರು ರಾಜ್ಯವೆಂಬ ಹೆಸರಿನಲ್ಲಿ. ಹೆಮ್ಮೆಯ ವಿಷಯವೇ. ಆದರೆ ರಾಜ್ಯದ ಪ್ರಮುಖ ಲೀಗ್ ಎಂದರೆ ಇಂದಿಗೂ ಬೆಂಗಳೂರಿನ ಸೂಪರ್ ಡಿವಿಷನ್. ಕಾರವಾರದ ಕ್ಲಬ್ ಅಲ್ಲಿ ಆಡಬೇಕಾದರೆ ಐನೂರು ಕಿಲೋಮೀಟರ್‌ಗೂ ಹೆಚ್ಚು ದೂರ ಹೋಗಿ ಬರಬೇಕು, ಉದ್ಯೋಗವಿರುವ ಆಟಗಾರನಿಗೆ ಅದು ಆಗದ ಮಾತು. 2023ರಲ್ಲಿ ಐ-ಲೀಗಿನ ಕೆಳಗಿನ ಹಂತವಾಗಿ ಐ-ಲೀಗ್ 3 ಆರಂಭವಾದ ಮೇಲೆ ರಾಜ್ಯ ಲೀಗ್‌ಗಳಿಂದ ರಾಷ್ಟ್ರಮಟ್ಟಕ್ಕೆ ಏರುವ ಮೆಟ್ಟಿಲೊಂದು ಸಿದ್ಧವಾಗಿದೆ. ಕರಾವಳಿ ಮತ್ತು ಬೆಳಗಾವಿ ಭಾಗದ ಕ್ಲಬ್‌ಗಳಿಗೆ ಪ್ರತ್ಯೇಕ ವಲಯ ಲೀಗ್ ನಡೆಸಿ, ಅಲ್ಲಿ ಗೆದ್ದವರು ಮಾತ್ರ ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಕೊನೆಯ ಸುತ್ತು ಆಡುವಂತೆ ಮಾಡಿದರೆ ಆ ಮೆಟ್ಟಿಲು ಮಂಗಳೂರು, ಬೆಳಗಾವಿ, ಕಾರವಾರಗಳಿಗೂ ತಲುಪುತ್ತದೆ.

ಮಕ್ಕಳ ನೋಂದಣಿಯ ಬಗ್ಗೆ ನಮ್ಮಲ್ಲಿ ತೀರಾ ಉದಾಸೀನವಿದೆ. ಆಟಗಾರನೊಬ್ಬ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ಹಣಕ್ಕೆ ವರ್ಗಾವಣೆಯಾದರೆ, ಆ ಮೊತ್ತದ ಶೇಕಡಾ 5ರಷ್ಟನ್ನು ಅವನು 12ರಿಂದ 23 ವರ್ಷದವರೆಗೆ ಬೆಳೆದ ಕ್ಲಬ್‌ಗಳಿಗೆ ಹಂಚಬೇಕೆಂಬುದು ಫಿಫಾ ನಿಯಮ. ಕಾರವಾರದ ಹುಡುಗ ಯುರೋಪಿಗೆ ಹೋಗುತ್ತಾನೆಂದು ನಾನು ಕನಸು ಕಾಣುತ್ತಿಲ್ಲ. ಆದರೆ ಹನ್ನೆರಡನೆಯ ವಯಸ್ಸಿನಲ್ಲಿ ಅವನ ಹೆಸರು ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ಕೇಂದ್ರೀಯ ನೋಂದಣಿ ವ್ಯವಸ್ಥೆಯಲ್ಲಿ ಯಾವುದಾದರೂ ಕ್ಲಬ್‌ನ ಹೆಸರಿನಲ್ಲಿ ದಾಖಲಾಗದಿದ್ದರೆ, ಅವನು ಮುಂದೆ ಎಲ್ಲಿ ಆಡಿದರೂ ಈ ಊರಿನ ಪಾಲು ದಾಖಲೆಯಲ್ಲಿ ಇರುವುದೇ ಇಲ್ಲ. ಹೆಣ್ಣುಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ, ಅವರ ತಂಡವನ್ನು ಎರಡನೆಯ ಹಂತದಲ್ಲಿ ನೋಡೋಣ ಎಂದು ಮುಂದೂಡಿದರೆ ಆ ಎರಡನೆಯ ಹಂತ ಬರುವುದಿಲ್ಲ.

ಕೊನೆಯದಾಗಿ, ಕ್ಲಬ್ ಕಟ್ಟಲು ಹೊರಟಿರುವ ಯುವಕರಲ್ಲಿ ನನ್ನ ಕೋರಿಕೆ. ಜರ್ಸಿಯ ಬಿಡುಗಡೆ ಸಮಾರಂಭವನ್ನು ಸದ್ಯಕ್ಕೆ ಬದಿಗಿಟ್ಟು, ಜೂನ್‌ನಲ್ಲಿ ಬೋಟುಗಳು ದಡ ಸೇರಿದ ಮೇಲೆ ಒಂದು ಭಾನುವಾರ ಊರಿನ ಸಭೆ ಕರೆಯಿರಿ. ಉಳಿದ ತಾಲ್ಲೂಕುಗಳ ತಂಡದವರನ್ನೂ ಅಂದೇ ಕರೆದು ಮುಂದಿನ ಹಂಗಾಮಿನ ದಿನಾಂಕಗಳನ್ನು ಅವರೊಂದಿಗೆ ಕುಳಿತು ಗೊತ್ತುಮಾಡಿ, ಆ ಪಟ್ಟಿಯನ್ನು ಹಿಡಿದುಕೊಂಡು ಮೈದಾನದ ಅಧಿಕಾರಿಗಳ ಬಳಿ ಹೋಗಿ, ಅವರ ಸಹಿಯಾದ ಪತ್ರವನ್ನು ಚಂದಾ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿ. ಗೆರೆ ಎಳೆಯಲು, ಟಿಕೆಟ್ಟು ಹರಿಯಲು, ಶಿಳ್ಳೆ ಹಿಡಿದು ಓಡಲು ಅಲ್ಲದಿದ್ದರೂ ಗಡಿಯಾರ ಹಿಡಿದು ಕೂರಲು, ನನ್ನಂತಹ ನಿವೃತ್ತ ಶಿಕ್ಷಕರು ಈ ಊರಿನಲ್ಲಿ ಸಾಕಷ್ಟು ಮಂದಿ ಇದ್ದೇವೆ. ಸಭೆಯ ದಿನವನ್ನು ತಮ್ಮ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಪ್ರಕಟಿಸಿದರೆ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಕೋಡಿಬಾಗ, ಕಾರವಾರ